ಮಾವನ ಒಲೆ ಮತ್ತು ಒಂದು ಮುದಿ ನಕ್ಷತ್ರ

ಮಂಡ್ಯದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಸಂಜೆ ಕೆರಗೋಡಿಗೆ ಬಸ್ಸಿಳಿದರೆ ನಮ್ಮ ಆಲೆಮನೆಯ ಯಜಮಾನ. ಎರಡು ಕಡೆಯೂ ನನ್ನ ಮಾತೇ ನಡೆಯಬೇಕು, ಅದು ನನ್ನ ಹುಟ್ಟುಗುಣ.

ಒಲೆ ಮಾತ್ರ ಸೋದರಮಾವನದು. ರಸ ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನು ಒಲೆಯ ಬಾಯಿಗೆ ತುರುಕುತ್ತಾ ಬೆಂಕಿಯನ್ನು ಹದದಲ್ಲಿಡುವ ಕೆಲಸ ನಲವತ್ತು ವರ್ಷದಿಂದ ಅವನದೇ. ಈ ಚಳಿಗಾಲ ಒಂದೇ ವಾರದಲ್ಲಿ ಎರಡು ಕೊಪ್ಪರಿಗೆ ಪಾಕ ಅಂಚಿನಲ್ಲಿ ಸೀದುಹೋಯಿತು. ಮಾವನಿಗೆ ಕಣ್ಣು ಮಂಜಾಗಿದೆ, ಇನ್ನು ಒಲೆ ಬಿಡಿಸಬೇಕು ಎಂದು ತೀರ್ಮಾನಿಸಿಬಿಟ್ಟೆ. ಸಿಕ್ಕವರಿಗೆಲ್ಲ ಹೇಳಿದೆ, ಅವನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಒಲೆ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಲೋಕವೇ ಇಲ್ಲ.

ಮೊದಲು ಕಣ್ಣನ್ನು ಪರೀಕ್ಷಿಸೋಣ ಎಂದು ಉಪಾಯ ಹೂಡಿದೆ. ಅಂದು ಒಲೆ ಆರಿ ಕತ್ತಲಾದ ಮೇಲೆ ಅವನ ಕೈಗೆ ದುರ್ಬೀನು ಕೊಟ್ಟು, ದಿಕ್ಕು ತೋರಿಸಿ, ಬರಿಗಣ್ಣಿಗೆ ಕಾಣದ ಒಂದು ಮಸುಕು ನಕ್ಷತ್ರವನ್ನು ಹುಡುಕಲು ಹೇಳಿದೆ.

"ಆ ಎರಡು ದೊಡ್ ಚುಕ್ಕಿ ಮಧ್ಯ ಮಿಣಿಮಿಣಿ ಅಂತದಲ್ಲ, ಅದಾ?" ಎಂದ. ನಾನು ಹುಡುಕುವುದಕ್ಕಿಂತ ಬೇಗ ಹಿಡಿದಿದ್ದ.

ಮುಜುಗರವಾಗಿ ಮಾತು ತೇಲಿಸಲು ಪಾಠ ಶುರುಮಾಡಿದೆ. ಅದೂ ನಮ್ಮ ಸೂರ್ಯನ ಜಾತಿಯದೇ, ಆದರೆ ಮುದಿಯಾಗಿದೆ. ಇಷ್ಟು ಕಾಲ ಒಂದೇ ಹದದಲ್ಲಿ ಉರಿದದ್ದು ಇನ್ನು ಹದ ತಪ್ಪುತ್ತದೆ. ನಡುವಿನ ಉರುವಲು ಮುಗಿದು ಅಲ್ಲಿ ಬೂದಿಯಂಥದ್ದು ಕೂತಿದೆ. ಬೆಂಕಿ ಸುತ್ತಲಿನ ಪದರಕ್ಕೆ ಸರಿದು ಜೋರಾಗುತ್ತದೆ, ನಕ್ಷತ್ರ ಊದಿಕೊಳ್ಳುತ್ತದೆ.

ಮಾವ ದುರ್ಬೀನು ಇಳಿಸಿದ.

"ಬೂದಿ ಎಳೀದೆ ಬುಟ್ರೆ ಅಂಗೇ ಕಣ್ಲಾ ಆಗೋದು. ನಡುಕ್ಕೆ ಬೂದಿ ಕುಂತ್ರೆ ಉರಿ ಅಂಚಿಗೆ ಓಯ್ತದೆ. ಅಲ್ಲೇನೋ ಎಳಿಯೋರಿಲ್ಲ. ಇಲ್ಲಿ ಎಳಿಯೋದ್ ಬ್ಯಾಡ ಅಂದೋನ್ ಯಾವನ್ಲಾ?"

ನಾನೇ. ನಡುನಡುವೆ ಬೂದಿ ಎಳೆಯುತ್ತಾ ಕೂತರೆ ಹೊತ್ತು ದಂಡ, ಸಂಜೆಗೆ ಒಟ್ಟಿಗೆ ಎಳೆಯಿರಿ ಎಂದು ಆ ವಾರದ ಮೊದಲಲ್ಲಿ ಅಪ್ಪಣೆ ಕೊಟ್ಟವನು ನಾನೇ. ವರ್ಷವರ್ಷವೂ ಇದೇ ಪಾಠ ಒಪ್ಪಿಸುವ ನನಗೆ ಸ್ವಂತ ಒಲೆಯಲ್ಲಿ ಅದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಗೊತ್ತಿದ್ದೂ ಯಾಕ್ ಸುಮ್ನಿದ್ದೆ ಮಾವ?"

"ನನ್ ಕಣ್ಣು ಮಂಜಾದೊ ಅಂತ ಊರೆಲ್ಲ ಏಳ್ಕಂಡ್ ಬಂದಲ್ಲ, ನನ್ ಮಕಕ್ಕೆ ಯಾವಾಗ್ ಏಳ್ತನೆ ನೋಡವಾ ಅಂತ ಕಾಯ್ತಿದ್ದೆ."

ತಪ್ಪಾಯಿತು ಎಂದೆ. ಮಾರನೇ ಬೆಳಗ್ಗೆ ಆಳುಗಳೆಲ್ಲರ ಎದುರು ಅದನ್ನೇ ಇನ್ನೊಮ್ಮೆ ಹೇಳಿ, ಬೂದಿ ಎಳೆಯಲು ಮಾವನ ಪಕ್ಕದಲ್ಲಿ ನಾನೇ ಕೂತೆ.