ಶಕ್ತಿನಗರದ ಬಸ್ಸಿಗೆ ಮುಂಚಿನ ಪಾಠ

ರಾಯಚೂರು ಬಸ್ ನಿಲ್ದಾಣದೆದುರಿನ ಹಗ್ಗದ ಅಂಗಡಿ ಇನ್ನೂ ತೆರೆದಿಲ್ಲ. ಅದರ ಕಟ್ಟೆಯ ಮೇಲೆ ಚಾಪೆ ಹಾಸಿ ವಾಹಿದಾ ಬೇಗಂ ಕುಳಿತಿದ್ದಾರೆ. ಎದುರಿಗೆ ಬುತ್ತಿ ಹಿಡಿದ, ಶಕ್ತಿನಗರದ ವಿದ್ಯುತ್ ಸ್ಥಾವರದ ಗುತ್ತಿಗೆ ಕೆಲಸಗಾರರು. ಶಕ್ತಿನಗರದ ಮೊದಲ ಬಸ್ಸು ಬರುವವರೆಗೆ ಇಂಗ್ಲಿಷ್ ಪಾಠ. ಬಸ್ಸು ಕಂಡರೆ ವಾಕ್ಯ ಎಲ್ಲಿದೆಯೋ ಅಲ್ಲಿಗೇ ನಿಲ್ಲುತ್ತದೆ.

ಇಂದು ಪಾಠವೆಲ್ಲ ಸುಂಕಪ್ಪನಿಗೆ. ಹೆಂಡತಿಯ ಹೆರಿಗೆಗೆಂದು ಅವನು ನಿನ್ನೆ ಕಂಪನಿಯ ಸಾಹೇಬರಲ್ಲಿ ರಜೆ ಕೇಳಿದ. ಸಾಹೇಬರು ಉತ್ತರ ಭಾರತದ ಕಡೆಯವರು, ಕನ್ನಡ ಬಾರದು. 'ಕೊಡಬೇಕ್ರಿ' ಎಂಬ ನಮ್ಮ ವಿನಯವನ್ನು ಅವನು ಇದ್ದಂತೆಯೇ ಇಂಗ್ಲಿಷಿಗೆ ದಾಟಿಸಿ 'ಯು ಮಸ್ಟ್ ಗಿವ್' ಎಂದ. ಆಳು ಅಪ್ಪಣೆ ಮಾಡುತ್ತಾನೆಂದು ಸಾಹೇಬರು ಗೇಟಿನಾಚೆ ಕಳಿಸಿದರು. ಇಂದು ಸರಿಯಾಗಿ ಕೇಳಿಕೊಳ್ಳದಿದ್ದರೆ ಕೆಲಸವೇ ಇಲ್ಲ.

"ಕೈಮುಗದೇ ಕೇಳೀನ್ರಿ ಅಕ್ಕೋರ," ಎನ್ನುತ್ತಾನೆ ಸುಂಕಪ್ಪ.

"ಕೈ ಮುಗದಿದ್ದು ಕನ್ನಡದಾಗ, ಬಾಯಿ ಮಾಡಿದ್ದು ಇಂಗ್ಲಿಷ್‌ನ್ಯಾಗ," ಎನ್ನುತ್ತಾರೆ ವಾಹಿದಾ.

ವಾಹಿದಾ ಮಾನ್ವಿಯವರು. ದೇವದುರ್ಗದ ಖಾಸಗಿ ಶಾಲೆಯೊಂದರಲ್ಲಿ ಹಂಗಾಮಿಯಾಗಿ ಕಲಿಸುತ್ತಿದ್ದರು. ತರಬೇತಿ ಪಡೆದವರು ಬಂದಾಗ ಜಾಗ ಬಿಟ್ಟರು. ಈಗ ಹಗಲೆಲ್ಲ ಹೊಲಿಗೆ, ಬೆಳಗಿಗೆ ಈ ಕಟ್ಟೆ. ಮಸ್ಟ್, ಶುಡ್, ಮೇ, ಕುಡ್ ಇವುಗಳಿಗೆ ಅವರಲ್ಲಿ ಸೂತ್ರವಿಲ್ಲ. ಒಂದೇ ಮಾತನ್ನು ತಮ್ಮನಿಗೆ, ಬೀಗರಿಗೆ, ಸಾಹೇಬರಿಗೆ ಹೇಗೆ ಹೇಳುವಿರೆಂದು ಮೊದಲು ಕನ್ನಡದಲ್ಲಿ ಆಡಿಸುತ್ತಾರೆ. ದನಿಯ ಅಂತರ ಕಿವಿಗೆ ಬಿದ್ದ ಮೇಲೆಯೇ ಇಂಗ್ಲಿಷ್.

"ಹೇಣ್ತಿ ಮುಂದ ಯಾವುದು ಬಳಸ್ತೀಯೋ ಸುಂಕ?" ಎಂದು ಪಕ್ಕದ ಪರಮಣ್ಣ ಕೆಣಕುತ್ತಾನೆ.

"ಅಕಿ ಮುಂದ ನಂದು ಬರೇ ಎಸ್."

ನಗು ಮುಗಿಯುವ ಮೊದಲೇ ಸುಂಕಪ್ಪ 'ಕುಡ್ ಯು ಪ್ಲೀಸ್' ಎಂಬುದನ್ನು ಬೀಗರೆದುರು ಕುಳಿತವನಂತೆ ಮೆಲ್ಲಗೆ ಹೇಳುತ್ತಾನೆ. ವಾಹಿದಾ ತಲೆಯಾಡಿಸುತ್ತಾರೆ. ಬಸ್ಸು ಬರುತ್ತದೆ.

ಸಂಜೆ ಅವನು ಬಸ್ಸಿಳಿದು ನೇರವಾಗಿ ವಾಹಿದಾರ ಮನೆಗೆ ಬರುತ್ತಾನೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸುತ್ತಾರೆ.

"ಕೆಲಸಕ್ಕ ತಗೊಂಡ್ರು ಅಕ್ಕೋರ. ರಜಾ ಮಾತ್ರ ಕೊಡಲಿಲ್ರಿ."

ನಿಮಗೇನಾದರೂ ಆಸೆಯಿದೆಯೇ ಎಂದು ಜೊತೆಗಿದ್ದ ನಾನು ಕೇಳಿದರೆ, ವಾಹಿದಾ ಸೂಜಿಗೆ ದಾರ ಪೋಣಿಸುತ್ತಲೇ ಉತ್ತರಿಸುತ್ತಾರೆ:

"ಇವರು ಕೇಳೋದು ಕಲ್ತರು. ಆ ಸಾಹೇಬ್ರಿಗೆ ಕನ್ನಡದಾಗ 'ಹೋಗಿ ಬಾರಪ್ಪ' ಅನ್ನೋದು ಕಲಿಸಬೇಕಂತ ಆಸಿ ಅದ ನೋಡ್ರಿ. ಬರ್ಲಿ, ಚಾಪಿ ಮ್ಯಾಲ ಜಾಗಾ ಅದ."