ಉಸಿರು ಕಟ್ಟಿದ ಎಣ್ಣೆ ಟ್ಯಾಂಕು

ನಮ್ಮ ಎಣ್ಣೆ ಮಿಲ್ಲಿನ ಪಂಪು ಇದ್ದಕ್ಕಿದ್ದಂತೆ ಕರ್ಕಶವಾಗಿ ಅರಚತೊಡಗಿತು. ಟ್ಯಾಂಕಿನಿಂದ ಎಣ್ಣೆ ಎಳೆಯುವ ಬದಿಯ ಒತ್ತಡದ ಮೀಟರಿನ ಮುಳ್ಳು ಸೊನ್ನೆಗಿಂತ ಬಹಳ ಕೆಳಗಿತ್ತು. ಚಳಿಗಾಲದ ಬೆಳಿಗ್ಗೆ ನಮ್ಮೂರು ಬಿಳಿಗೆರೆಯಲ್ಲಿ ಇದಕ್ಕೆ ಎಲ್ಲರೂ ಹೇಳುವ ಕಾರಣ ಒಂದೇ, ಪೈಪಿನೊಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ. ನನ್ನ ಗಂಡ ಟ್ಯಾಂಕಿಗೆ ಒರಗಿ ಕುಳಿತು ಪೈಪಿನ ಮೇಲೆ ಬಿಸಿನೀರು ಸುರಿಯುತ್ತಿದ್ದರು.

ಗಾಣದ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ರಹೀಂ ಸಾಬರು ಟ್ಯಾಂಕಿನ ಗೋಡೆ ಒಳಕ್ಕೆ ಗುಳಿಬೀಳುತ್ತಿರುವುದನ್ನು ಕಂಡು ಸ್ವಿಚ್ಚಿನತ್ತ ಓಡಿದರು.

“ಅಣ್ಣಾ, ಈಚೆ ಬಾ. ಎಣ್ಣೆ ಗಟ್ಟಿಯಾಗಿಲ್ಲ ಕಣಣ್ಣ, ಟ್ಯಾಂಕಿಗೆ ಉಸಿರು ಕಟ್ಟೈತೆ.”

ಗಂಡ ಎದ್ದು ಎರಡು ಹೆಜ್ಜೆ ಇಟ್ಟಿದ್ದರಷ್ಟೆ. ಗುಂಡು ಹಾರಿದಂಥ ಸದ್ದಿನೊಂದಿಗೆ ಗೋಡೆ ಒಳಕ್ಕೆ ಕುಸಿಯಿತು. ಅದಕ್ಕೆ ಬೆಸೆದಿದ್ದ ಕಬ್ಬಿಣದ ಏಣಿ ಕಿತ್ತುಬಂದು ಅವರು ಕುಳಿತಿದ್ದ ಜಾಗಕ್ಕೇ ಬಿತ್ತು.

ಸಾಬರು ಮೇಲೆ ಬೆರಳು ತೋರಿಸಿದರು. ಎಣ್ಣೆ ಖಾಲಿಯಾದಂತೆ ಟ್ಯಾಂಕಿಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಕವರನ್ನು ಬಿಗಿಯಾಗಿ ಕಟ್ಟಲಾಗಿತ್ತು. “ಯಾರಪ್ಪ ಇದನ್ನ ಕಟ್ಟಿದ ಪುಣ್ಯಾತ್ಮ?”

ಹಿಂದಿನ ಸಂಜೆ ತುಂತುರು ಹನಿ ಎಣ್ಣೆಗೆ ಬೀಳಬಾರದೆಂದು ಕಟ್ಟಿದವಳು ನಾನು. ಗಂಡ ನನ್ನ ಮುಖವನ್ನೊಮ್ಮೆ ನೋಡಿ, “ಬುಡಿ ಸಾಬ್ರೇ, ಯಾರೋ ಕಟ್ಟವ್ರೆ” ಎಂದರು.

ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಈಗ ಅಡುಗೆಮನೆಯಲ್ಲಿ ಸಕ್ಕರೆ ಪೊಟ್ಟಣಕ್ಕೆ ಗಂಟು ಹಾಕುವಾಗಲೂ ಆ ಸದ್ದು ಕೇಳಿಸಿ, ಗಂಡ ಎಲ್ಲಿದ್ದಾರೆಂದು ತಿರುಗಿ ನೋಡುತ್ತೇನೆ.