ಚೆನ್ನೆಮಣೆಗೆ ರಜೆ ಕೊಡದವರು

ಅತ್ತಾವರದ ಒಂದು ಆಸ್ಪತ್ರೆ. ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿ, ಕಣ್ಣು ಮುಚ್ಚಿ ಕೂರಲು ಹೇಳಿ ಹೋಗಿದ್ದರು. ನಾನು ಪಕ್ಕದಲ್ಲಿ ಕೂತು ಟೋಕನ್ ನಂಬರ್ ನೋಡುತ್ತಿದ್ದೆ. ಆಗ ಎದುರು ಸಾಲಿನಿಂದ ಅಮ್ಮನ ದನಿ ಕೇಳಿಸಿತು.

"ಬಲ ಮಗಾ, ಒಂಜಿ ಆಟ ಗೊಬ್ಬುಗ."

ಬಾ ಮಗಾ, ಒಂದು ಆಟ ಆಡೋಣ. ಅಪ್ಪಟ ಅಮ್ಮನ ತುಳು, ಅಮ್ಮನದೇ ರಾಗ. ಆದರೆ ಅಮ್ಮ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿದ್ದಾರೆ! ದನಿ ಬಂದದ್ದು ಎದುರು ಕೂತಿದ್ದ ಹೆಂಗಸಿನ ಫೋನಿನಿಂದ.

"ಯಾರದು, ನನ್ನ ಹಾಗೆ ಮಾತಾಡುದು?" ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು.

ಆ ಹೆಂಗಸು ನಕ್ಕರು. "ಇದು ಚೆನ್ನೆಮಣೆ ಗೇಮ್ ಅಜ್ಜಿ. ದಿನಾ ಈ ಹೊತ್ತಿಗೆ ಕರೀತದೆ. ಹೋಗದಿದ್ರೆ ಇನ್ನೂ ಬೇಜಾರಲ್ಲಿ ಕರೀತದೆ ಮಾರಾಯ್ರೆ. ಒಳಗೆ ನಮ್ಮ ಯಜಮಾನ್ರಿಗೆ ಆಪರೇಷನ್ ಆಗ್ತಾ ಉಂಟು. ಆದ್ರೂ ಕೈ ಅಲ್ಲಿಗೇ ಹೋಗ್ತದೆ ನೋಡಿ."

ಮನೆಗೆ ಮರಳುವಾಗ ಆಟೋದಲ್ಲಿ ಅಮ್ಮ ಕೇಳಿದರು, "ಇವತ್ತು ಸೋಣದ ಎಷ್ಟನೇ ದಿನ?"

"ಎಂಟು."

"ಆಟಿ ಮುಗಿದು ಎಂಟು ದಿನ ಆಯ್ತು. ಯಾರದ್ದೋ ಗಂಡ ಒಳಗೆ ಮಲಗಿದ್ದಾನೆ. ಅವಳನ್ನು ಆಡ್ಲಿಕ್ಕೆ ಕರೆಯುದು ನಾನಾ?"

ನಾನು ರಸ್ತೆ ನೋಡುತ್ತಾ ಕೂತೆ. ಯಾಕೆಂದರೆ ಈ ಅಪರಾಧದಲ್ಲಿ ನನಗೂ ಒಂದು ಪಾಲಿತ್ತು, ಅದು ಅಮ್ಮನಿಗೆ ಇನ್ನೂ ಗೊತ್ತಿರಲಿಲ್ಲ.

ಘಟ್ಟದ ಮೇಲಿನ ಓದುಗರಿಗಾಗಿ ಸ್ವಲ್ಪ ವಿವರಣೆ. ಚೆನ್ನೆಮಣೆ ಎಂದರೆ ಹದಿನಾಲ್ಕು ಗುಳಿಗಳ ಮರದ ಮಣೆ. ಗುಳಿಗಳಲ್ಲಿ ಮಂಜೊಟ್ಟಿ ಎನ್ನುವ ಕೆಂಪು ಬೀಜಗಳನ್ನು ಹಂಚುತ್ತಾ, ಗೆಲ್ಲುತ್ತಾ ಆಡುವ ಆಟ. ನಮ್ಮ ಮನೆಯಲ್ಲಿ ಅದು ಅಟ್ಟದಿಂದ ಇಳಿಯುವುದು ಆಟಿ ತಿಂಗಳಲ್ಲಿ ಮಾತ್ರ, ಅಂದರೆ ಜಡಿಮಳೆಗೆ ಹೊರಗಿನ ಕೆಲಸವೆಲ್ಲ ನಿಂತಿರುವ ಆ ಒಂದು ತಿಂಗಳು. ಆಟಿಯ ಕೊನೆಯ ದಿನ ಅಮ್ಮ ಮಣೆಯನ್ನು ಒರೆಸಿ, ಹಳೇ ಸೀರೆಯಲ್ಲಿ ಸುತ್ತಿ ಮತ್ತೆ ಮೇಲೆ ಇಡಿಸುತ್ತಾರೆ. ಆಮೇಲೆ ಸೋಣ ತಿಂಗಳು, ಯಾರು ಕರೆದರೂ ಆಟವಿಲ್ಲ. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಕೆಲಸದ ತಿಂಗಳಲ್ಲಿ ಮಣೆ ಕಣ್ಣಿಗೆ ಬೀಳ್ಬಾರ್ದು" ಎಂದಿದ್ದರು. (ದೆವ್ವ, ದೋಷ, ಶಾಪ ಏನೂ ಇಲ್ಲ. ಮಕ್ಕಳ ಮನಶ್ಶಾಸ್ತ್ರ ಅಷ್ಟೇ!)

ಈಗ ರಿಜ್ವಾನಾ. ನಾನು ಕನ್ನಡ ಟೀಚರ್ ಆಗಿದ್ದಾಗ ನನ್ನ ಎರಡನೇ ಬೆಂಚಿನಲ್ಲಿ ಕೂತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಬರೆಯುತ್ತಿದ್ದವಳು. ಉಳ್ಳಾಲದ ಹುಡುಗಿ. ತಂದೆ ಹಮೀದಾಕನಿಗೆ ಬಂದರಿನಲ್ಲಿ ಚಪ್ಪಲಿ ಅಂಗಡಿ. ಈಗ ಅವಳು ಮೂವರು ಗೆಳೆಯರ ಜೊತೆ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಎರಡು ರೂಮುಗಳಲ್ಲಿ ವಿಡಿಯೋ ಗೇಮ್ ಮಾಡುತ್ತಾಳೆ.

ಮಾಡುತ್ತಾಳೆ ಎಂದರೆ, ಹಲವು ವರ್ಷ ಈ ನಾಲ್ವರು ಮಾಡಿದ್ದು ಬೇರೆಯವರ ಗೇಮಿನ ಚೂರುಪಾರು. ದೊಡ್ಡ ಕಂಪನಿಯೊಂದರ ಗೇಮಿಗೆ ಒಬ್ಬ ಟೋಪಿ ಬಿಡಿಸುತ್ತಿದ್ದ, ಒಬ್ಬಳು ಮರದ ಎಲೆ ಬಿಡಿಸುತ್ತಿದ್ದಳು. ಆ ಟೋಪಿ ಹಾಕಿಕೊಂಡವನು ಯಾರು, ಆ ಮರ ಯಾವ ಕಾಡಿನಲ್ಲಿದೆ, ಇವರಿಗೆ ಗೊತ್ತಿಲ್ಲ. ಆಮೇಲೆ ಆ ದೊಡ್ಡ ಕಂಪನಿಗಳು ತಮ್ಮವರನ್ನೇ ಸಾಲುಸಾಲಾಗಿ ಮನೆಗೆ ಕಳಿಸತೊಡಗಿದವು. ಗೇಮ್ ಚೆನ್ನಾಗಿ ಓಡಿದರೂ ಕಳಿಸಿದರು, ಓಡದಿದ್ದರೂ ಕಳಿಸಿದರು. ಅಲ್ಲೆಲ್ಲೋ ಯಾರದೋ ಕುರ್ಚಿ ಹೋದರೆ ಇಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಟೋಪಿ ಬಿಡಿಸುವವನಿಗೆ ಕೆಲಸವಿಲ್ಲ.

ಆಗ ರಿಜ್ವಾನಾ ಹೇಳಿದಳು, "ಇನ್ನು ನಮ್ಮದೇ ಒಂದು ಮಾಡುವ."

ಹೋದ ವರ್ಷ ಆಟಿಯಲ್ಲಿ ನಾಲ್ವರೂ ನಮ್ಮ ಮನೆಗೆ ಬಂದು ಅಮ್ಮನಿಂದ ಚೆನ್ನೆ ಕಲಿತರು. (ನಾಲ್ವರನ್ನೂ ಅಮ್ಮ ಸೋಲಿಸಿದರು. ಒಬ್ಬನನ್ನಂತೂ ಕಾಫಿ ಕುಡಿಯುತ್ತಲೇ ಸೋಲಿಸಿದರು.) ಅಮ್ಮನ ದನಿ ರೆಕಾರ್ಡ್ ಮಾಡಿಕೊಂಡರು. ರಿಜ್ವಾನಾಳ ಪ್ಲಾನಿನಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು. ಆಟಿ ಮುಗಿದ ದಿನ ಗೇಮ್ ಬಂದ್! ಸೀರೆಯಲ್ಲಿ ಸುತ್ತಿದ ಮಣೆಯ ಚಿತ್ರ ಮಾತ್ರ ಕಾಣುತ್ತದೆ. ಏನು ಒತ್ತಿದರೂ ತೆರೆಯುವುದಿಲ್ಲ, ಮುಂದಿನ ಆಟಿಯವರೆಗೆ.

ಬೆಂಗಳೂರಿನ ಪಬ್ಲಿಷರ್ ಒಬ್ಬರಿಗೆ ಗೇಮ್ ಇಷ್ಟವಾಯಿತು. ಪಬ್ಲಿಷರ್ ಎಂದರೆ ಪುಸ್ತಕದವರಲ್ಲ. ಗೇಮಿಗೆ ಬಂಡವಾಳ ಹಾಕಿ, ಪ್ರಚಾರ ಮಾಡಿ, ಜನರ ಫೋನಿಗೆ ತಲುಪಿಸುವವರು. ಅವರ ಕಡೆಯಿಂದ ಮಾತನಾಡಲು ಬಂದವನು ಪ್ರತೀಕ್. ಬಹಳ ಮರ್ಯಾದೆಯ ಹುಡುಗ. "ಕಾನ್ಸೆಪ್ಟ್ ಸೂಪರ್. ಒಂದೇ ಒಂದು ಸಣ್ಣ ಚೇಂಜ್" ಎಂದ.

ಆ ಸಣ್ಣ ಚೇಂಜ್ ಏನು ಗೊತ್ತೇ? ಗೇಮ್ ಬಂದ್ ಮಾಡುವುದು ಬೇಡ.

ಮೊದಲು ಈ ಆಟಿಯಲ್ಲಿ ಟ್ರಯಲ್ ಬಿಡೋಣ, ಆಡುವವರ ನಂಬರ್ ಒಂದು ಹದಕ್ಕೆ ಬರುವವರೆಗೆ ಮಾತ್ರ ಬಂದ್ ಬೇಡ ಎಂದ. ಜೊತೆಗೆ ಇನ್ನೂ ಕೆಲವು. ದಿನಾ ಬಾರದಿದ್ದರೆ ಮಂಜೊಟ್ಟಿ ಒಣಗುತ್ತದೆ. ಒಣಗಿದರೆ ಹೊಸ ಬೀಜ ಕೊಳ್ಳಬೇಕು, ಇಲ್ಲವೇ ಜಾಹೀರಾತು ನೋಡಬೇಕು. ಮತ್ತು ದಿನಾ ಒಂದು ನೋಟಿಫಿಕೇಶನ್, ಶುದ್ಧ ಕನ್ನಡದಲ್ಲಿ, ಮನಸ್ಸಿಗೆ ತಾಗುವ ಹಾಗೆ.

ಮನಸ್ಸಿಗೆ ತಾಗುವ ಹಾಗೆ ಬರೆಯುವವರು ಯಾರು? ಟೀಚರ್ ಇದ್ದಾರಲ್ಲ!

ಹೌದು ಸ್ವಾಮಿ, ನಾನೇ ಬರೆದೆ. ಖುಷಿಯಿಂದ ಬರೆದೆ. "ಮಣೆ ನಿಮ್ಮ ದಾರಿ ಕಾಯುತ್ತಿದೆ." "ಅಜ್ಜಿ ಎರಡು ಸಲ ಕರೆದರು, ಮೂರನೆಯ ಸಲವೂ ಕರೆಯಬೇಕೇ?" "ನೀವಿಲ್ಲದೆ ಅಜ್ಜಿ ಒಬ್ಬರೇ ಬೀಜ ಎಣಿಸುತ್ತಿದ್ದಾರೆ." ಇದನ್ನೆಲ್ಲ ಸಾಹಿತ್ಯ ಎಂದುಕೊಂಡಿದ್ದೆ. ಪ್ರತೀಕ್ ಫೋನ್ ಮಾಡಿ, "ಮೇಡಂ, ನಿಮ್ಮ ಲೈನ್ಸ್ ಓದಿ ಜನ ವಾಪಸ್ ಬರ್ತಿದಾರೆ" ಎಂದಾಗ ಇಡೀ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಷ್ಟು ವರ್ಷದ ಅಂಕಣಕ್ಕೆ ಯಾರಾದರೂ ಹೀಗೆ ಹೇಳಿದ್ದಾರೆಯೇ? (ಹೇಳಿದ್ದರೆ ಪತ್ರ ಇನ್ನೂ ತಲುಪಿಲ್ಲ.)

ನಾನು ಬರೆದ ಸಾಲುಗಳಿಗೆ ಅಮ್ಮ ಆಟಕ್ಕೆ ಕರೆಯುವ ರೆಕಾರ್ಡಿಂಗ್ ಅಂಟಿಸಿ ದಿನಾ ಮಧ್ಯಾಹ್ನ ಬಿಡುತ್ತಿದ್ದಾರೆ ಎನ್ನುವುದು ನನಗೆ ಗೊತ್ತಿತ್ತು. ಆಟಿ ಮುಗಿದ ಮೇಲೂ ಬಿಡುತ್ತಾರೆ ಎನ್ನುವುದೂ ಗೊತ್ತಿತ್ತು. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಎಲ್ಲ ಹೇಳಿದೆ. ಅಮ್ಮ ನನ್ನ ಸಾಲುಗಳನ್ನು ಓದಿಸಿಕೊಂಡರು. "ಇದನ್ನು ಬರೆದದ್ದು ನೀನಾ? ಅಷ್ಟು ಓದಿಸಿದ್ದು ಇದಕ್ಕಾ?" ಎಂದರು. ಅರವತ್ತು ದಾಟಿದ ಮೇಲೆ ಅಮ್ಮನ ಎದುರು ತಲೆ ತಗ್ಗಿಸಿ ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಅಂದು ತಿಳಿಯಿತು. ತುಂಬ ನಾಚಿಕೆಯಾಯಿತು.

ಒಂದು ಮಾತು ಕೇಳುತ್ತೇನೆ. ಹಿಂದೆ ಹಂಪನಕಟ್ಟೆಯ ಕಡೆ ವಿಡಿಯೋ ಗೇಮ್ ಪಾರ್ಲರುಗಳಿದ್ದದ್ದು ನಿಮಗೆ ನೆನಪಿದೆಯೇ? ಶಾಲೆ ತಪ್ಪಿಸಿದವರನ್ನು ಹುಡುಕಿಕೊಂಡು ನಾನೇ ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ. ಆ ಪೆಟ್ಟಿಗೆಗಳೇನೂ ಸಾಧುಗಳಲ್ಲ, ನಾಣ್ಯ ನುಂಗುತ್ತಿದ್ದವು. ಆದರೆ ಸೋತ ಕೂಡಲೇ ಪರದೆಯ ತುಂಬ ದಪ್ಪಕ್ಷರದಲ್ಲಿ ಬರುತ್ತಿತ್ತು, ಗೇಮ್ ಓವರ್. ಆಟ ಮುಗಿಯಿತು, ಮನೆಗೆ ಹೋಗು ಎಂದು ಯಂತ್ರವೇ ಹೇಳುತ್ತಿತ್ತು.

ಇವತ್ತು ಆ ಎರಡು ಪದಗಳನ್ನು ಯಾವ ಗೇಮ್ ಹೇಳುತ್ತದೆ? ಈಗ ಆಟ ಎನ್ನುವುದು ಒಮ್ಮೆ ಮಾಡಿ ಮಾರುವ ಸರಕಲ್ಲ. ಪುಕ್ಕಟೆ ಕೊಟ್ಟು, ಒಳಗೆ ಕರೆದು, ದಿನಾ ಒಂದಿಷ್ಟು ಹೊತ್ತು ಕೂರಿಸಿಕೊಳ್ಳುವ ವ್ಯವಹಾರ. ಹೊಸ ಸೀಸನ್, ಹೊಸ ವೇಷ, ಹೊಸ ಬಹುಮಾನ. ಆಟಗಾರ ಎದ್ದು ಹೋದರೆ ಬಂಡವಾಳ ಹಾಕಿದವರಿಗೆ ಎದೆ ಡವಡವ. ಅದಕ್ಕೇ ಕಥೆ ಬರೆಯುವವನಿಗಿಂತ, ಚಿತ್ರ ಬಿಡಿಸುವವಳಿಗಿಂತ, ಎದ್ದು ಹೋಗುವವನ ಅಂಗಿ ಹಿಡಿದು ಎಳೆಯುವವನಿಗೆ ಬೆಲೆ ಜಾಸ್ತಿ. ನಾನು ಮಾಡಿದ್ದೂ ಅದೇ ಅಂಗಿ ಎಳೆಯುವ ಕೆಲಸ. ಸ್ವಲ್ಪ ವ್ಯಾಕರಣಶುದ್ಧವಾಗಿ ಎಳೆದೆ, ಅಷ್ಟೇ ವ್ಯತ್ಯಾಸ.

ಭಾನುವಾರ ಅಮ್ಮ ರಿಜ್ವಾನಾಳನ್ನು ಕರೆಸಿದರು. ಹಮೀದಾಕನೂ ಜೊತೆಗೆ ಬಂದಿದ್ದರು. ಅವಳ ಲ್ಯಾಪ್‌ಟಾಪ್ ನಮ್ಮ ಊಟದ ಮೇಜಿನ ಮೇಲೆ. ಅದರೊಳಗೆ ವಿಡಿಯೋ ಕಾಲಿನಲ್ಲಿ ಪ್ರತೀಕ್.

"ಟೀಚರೇ, ನಾನೊಬ್ಬ ವ್ಯಾಪಾರದವನು," ಹಮೀದಾಕ ಮೊದಲೇ ನನಗೆ ಹೇಳಿಬಿಟ್ಟರು. "ಬಂದ ಗಿರಾಕಿಯನ್ನು ಯಾರಾದ್ರೂ ವಾಪಸ್ ಕಳಿಸ್ತಾರಾ? ಮಗಳಿಗೆ ಎಷ್ಟೋ ವರ್ಷದ ನಂತರ ಒಂದು ದಾರಿ ಆಗಿದೆ. ನೀವು ಸ್ವಲ್ಪ ಅಮ್ಮನಿಗೆ ಹೇಳ್ಬೇಕು."

ನಾನು ಹೇಳುವ ಮೊದಲೇ ಅಮ್ಮ ಶುರುಮಾಡಿದ್ದರು. "ಮಗಾ, ಆಟಿ ಮುಗೀತು. ನನ್ನ ದನಿ ಈಗ ನಿಲ್ಬೇಕು. ನಿಮ್ಮ ಗೇಮನ್ನು ನೀವು ಎಂತ ಬೇಕಾದ್ರೂ ಮಾಡಿ. ನಾನು ಸೋಣದಲ್ಲಿ ಯಾರನ್ನೂ ಆಡ್ಲಿಕ್ಕೆ ಕರೆದವಳಲ್ಲ."

"ಅಜ್ಜಿ, ನೀವು ಕರೆದ್ರೆ ಜನ ಬರ್ತಾರೆ. ಅದೇ ಈ ಗೇಮಿನ ಸ್ಟ್ರೆಂತ್," ಎಂದ ಪ್ರತೀಕ್.

"ಬರ್ತಾರೆ. ಯಾಕೆ ಹೇಳು? ನಾನು ದಿನಾ ಕರೆಯುದಿಲ್ಲ, ಅದಕ್ಕೆ."

ಪ್ರತೀಕ್ ಕೆಟ್ಟವನಲ್ಲ, ಅದನ್ನು ಇಲ್ಲಿ ಬರೆಯಲೇಬೇಕು. "ನಿಮ್ಮ ಮಾತು ಅರ್ಥ ಆಗತ್ತೆ ಅಜ್ಜಿ. ಆದ್ರೆ ನಮ್ಮ ಮೇಲೂ ಇನ್ವೆಸ್ಟರ್ಸ್ ಇದಾರೆ. ಹನ್ನೊಂದು ತಿಂಗಳು ಮುಚ್ಚಿರೋ ಗೇಮಿಗೆ ದುಡ್ಡು ಹಾಕಿ ಅಂತ ಕೇಳಿದ್ರೆ ನನ್ನ ಕೆಲಸಾನೇ ಹೋಗತ್ತೆ. ನಿಮ್ಮ ವಾಯ್ಸ್ ಇಲ್ದೆ ಗೇಮ್ ಓಡಲ್ಲ. ವಾಯ್ಸ್ ತೆಗೆದ್ರೂ, ಆಟಿ ಆದ್ಮೇಲೆ ಕ್ಲೋಸ್ ಮಾಡಿದ್ರೂ ನಾವು ಔಟ್."

ಎಲ್ಲರೂ ರಿಜ್ವಾನಾಳನ್ನು ನೋಡಿದೆವು. ಪಬ್ಲಿಷರ್ ಹೋದರೆ ನಾಲ್ವರ ಕೆಲಸ ಹೋಗುತ್ತದೆ. ಅಮ್ಮನ ದನಿ ಉಳಿಸಿಕೊಂಡರೆ ಅಮ್ಮನ ವಿಶ್ವಾಸ ಹೋಗುತ್ತದೆ.

ಆಗ ಮಾತನಾಡಿದವರು, ನಾನು ನಿರೀಕ್ಷಿಸಿರದ ಹಮೀದಾಕ. ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಎದುರು ಕೂತರು.

"ಒಂದು ಮಾತು ಕೇಳ್ಲಾ ತಮ್ಮಾ? ನಾನು ಮೂವತ್ತು ವರ್ಷ ಚಪ್ಪಲಿ ಮಾರಿದ್ದೇನೆ. ಗಿರಾಕಿ ಚಪ್ಪಲಿ ಹಾಕಿ ನನ್ನ ಅಂಗಡಿಯಿಂದ ಹೊರಗೆ ಹೋಗ್ಬೇಕು. ರಸ್ತೆಯಲ್ಲಿ ನಡೀಬೇಕು, ಬಸ್ಸಿಗೆ ಓಡ್ಬೇಕು, ಮಳೆಯಲ್ಲಿ ನೆನೀಬೇಕು. ಆಗ ಚಪ್ಪಲಿ ಸವೀತದೆ, ಮತ್ತೆ ಬರ್ತಾನೆ. ಅವನನ್ನು ನಾನು ಅಂಗಡಿ ಒಳಗೇ ಕೂರಿಸಿ ಇಟ್ರೆ ಚಪ್ಪಲಿ ಸವೆಯುದು ಯಾವಾಗ? ನಿಮ್ಮದು ಎಂತ ವ್ಯಾಪಾರ ಮಾರಾಯ?"

ಪ್ರತೀಕ್ ನಕ್ಕುಬಿಟ್ಟ. ಆದರೆ ತನ್ನ ಮಾತು ಬದಲಿಸಲಿಲ್ಲ. ಬದಲಿಸುವ ಅಧಿಕಾರ ಅವನಿಗಿರಲಿಲ್ಲ. ರಿಜ್ವಾನಾ ಎರಡು ದಿನದ ಸಮಯ ಕೇಳಿದಳು. "ನಾನೊಬ್ಬಳೇ ಹೇಳ್ಲಿಕ್ಕೆ ಆಗುದಿಲ್ಲ. ಉಳಿದ ಮೂವರ ಹತ್ರ ಕೇಳ್ಬೇಕು."

ಮಂಗಳವಾರ ಅವಳ ಫೋನ್ ಬಂತು. ಪಬ್ಲಿಷರ್ ಜೊತೆಗಿನ ಟ್ರಯಲನ್ನು ಅಲ್ಲಿಗೇ ಮುಗಿಸಿದ್ದರು. ಟೋಪಿ ಬಿಡಿಸುತ್ತಿದ್ದವನು, "ಮನೆಯಲ್ಲಿ ಕಷ್ಟ ಉಂಟು ರಿಜ್ಜು, ಬೇಜಾರು ಮಾಡ್ಬೇಡ" ಎಂದು ಬೇರೆ ಕೆಲಸಕ್ಕೆ ಹೋದ. ಉಳಿದ ಮೂವರು ಸದ್ಯಕ್ಕೆ ಒಂದು ದಂತ ವೈದ್ಯರ ಕ್ಲಿನಿಕ್ಕಿಗೆ ಹಲ್ಲುಜ್ಜುವ ಆನಿಮೇಶನ್ ಮಾಡುತ್ತಿದ್ದಾರೆ. ಸುಖಾಂತ್ಯ ಎಂದು ನಾನು ಹೇಳುವುದಿಲ್ಲ. ಒಬ್ಬ ಗೆಳೆಯನ ಕುರ್ಚಿ ಖಾಲಿಯಾಗಿದೆ, ಅದು ರಿಜ್ವಾನಾಳಿಗೆ ನೋವು ಕೊಡುತ್ತಿದೆ. ಆದರೆ ಅವಳು ಮಾಡಿದ್ದು ಸರಿ ಎನ್ನುವುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ವ್ಯಾಪಾರವಾಗಿಯೂ ಸರಿ. ಸಾಕು ಎನ್ನುವ ಮೊದಲು ಎಬ್ಬಿಸಿ ಕಳಿಸಿದ ಮನೆಗೆ ಜನ ಮತ್ತೆ ಬರುತ್ತಾರೆ, ಬೇಸರ ಬರುವವರೆಗೆ ಕೂರಿಸಿಕೊಂಡ ಮನೆಯ ಬೀದಿಗೂ ಕಾಲಿಡುವುದಿಲ್ಲ. ಈ ದೊಡ್ಡ ಕಂಪನಿಗಳಿಗೆ ಇದು ಇನ್ನೂ ಯಾಕೆ ಹೊಳೆದಿಲ್ಲವೋ.

ಅವಳು ಮೈಕ್ ಹಿಡಿದು ಮತ್ತೊಮ್ಮೆ ಬಂದಳು. ಅಮ್ಮ ಒಂದೇ ಟೇಕಿನಲ್ಲಿ ಹೇಳಿದರು: "ಆಟಿ ಮುಗಿಂಡ್ ಮಗಾ. ಇತ್ತೆ ಪೋದು ನಿನ್ನ ಬೇಲೆ ತೂಲ." ಆಟಿ ಮುಗಿಯಿತು, ಇನ್ನು ಹೋಗಿ ನಿನ್ನ ಕೆಲಸ ನೋಡು. ಅಷ್ಟು ಹೇಳಿ ಗೇಮ್ ಬಂದ್ ಆಯಿತು. (ನನ್ನ ಸಾಲುಗಳನ್ನೆಲ್ಲ ಅಳಿಸಿದ್ದಾರೆ. ಕನ್ನಡ ಸಾಹಿತ್ಯಕ್ಕೆ ನಷ್ಟವೇನಿಲ್ಲ.)

ಮೊನ್ನೆ ರಿಜ್ವಾನಾ ಮುಖ ಸಣ್ಣ ಮಾಡಿಕೊಂಡು ಬಂದಳು. ಆ್ಯಪಿನ ಕೆಳಗೆ ಜನ ಬರೆದ ಅಭಿಪ್ರಾಯ ತೋರಿಸಿದಳು. "ಇದೆಂತ ಗೇಮ್ ಮಾರಾಯ್ರೆ, ಆಡ್ಲಿಕ್ಕೇ ಬಿಡುದಿಲ್ಲ." ಇನ್ನೊಬ್ಬರು, "ಅಜ್ಜಿ ನಮ್ಮನ್ನು ಓಡಿಸಿದ್ರು." ಒಂದು ಸ್ಟಾರ್. ಮತ್ತೊಂದು ಸ್ಟಾರ್.

"ಒಂದು ಸ್ಟಾರ್ ಅಂದ್ರೆ ಎಂತ?" ಅಮ್ಮ ಕೇಳಿದರು.

"ಬೈದಿದ್ದಾರೆ ಅಜ್ಜಿ."

"ಯಾಕೆ, ಆಟ ಒಳ್ಳೇದಿಲ್ಲ ಅಂತವಾ?"

"ಅಲ್ಲ. ಇನ್ನೂ ಆಡ್ಬೇಕಿತ್ತು, ನಿಲ್ಲಿಸಿದ್ರು ಅಂತ."

"ಹಾಗಾದ್ರೆ ಬರುವ ಆಟಿಗೆ ಬರ್ತಾರೆ ಬಿಡು," ಎಂದು ಅಮ್ಮ ಕನ್ನಡಕ ಒರೆಸಿಕೊಂಡರು.

ಈಗ ನೀವು ಹೇಳಿ: ನಿಮ್ಮ ಫೋನಿನಲ್ಲಿರುವ ಯಾವ ಆಟಕ್ಕೆ ನಿಮ್ಮನ್ನು ಹನ್ನೊಂದು ತಿಂಗಳು ಬಿಟ್ಟಿರುವ ಧೈರ್ಯವಿದೆ?